ಹಗುರ ಥೈಲಿ, ಹರಿತ ಕಣ್ಣು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪದವಿ ಕಾಲೇಜುಗಳು 2010ರಲ್ಲಿ ಸ್ಥಾಪಿತವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಅಂತರ-ಕಾಲೇಜು ಕಬಡ್ಡಿಗೆ ತಂಡ ಕಟ್ಟಬೇಕು, ಥೈಲಿಯೋ ಹಗುರ. ದಾರಿ ಯಾವುದು?

ಹೆಸರಾಂತ ದಾಳಿಗಾರನ ಬೆನ್ನು ಹತ್ತುವುದು ವ್ಯರ್ಥ. ಅವನು ಹಣವುಳ್ಳವರ ಪಾಲು. ಅಂಕಣದಲ್ಲಿ ಏಳು ಜನ. ದಾಳಿಗೆ ಹೋಗುವವನು ಒಬ್ಬನೇ. ಜಾತ್ರೆಯ ಪಂದ್ಯಗಳಲ್ಲಿ ಹಿಡಿದ ಕಾಲನ್ನು ಬಿಡದ, ಆದರೆ ಚಪ್ಪಾಳೆ ಕಾಣದ ಹುಡುಗನನ್ನು ಗುರುತಿಸಬೇಕು. ಮೂವರೇ ಉಳಿದಾಗ ಎದುರಾಳಿಯನ್ನು ಕೆಡವಿದರೆ ಎರಡು ಅಂಕ! ಅವನನ್ನು ಮೊದಲ ವರ್ಷಕ್ಕೇ ಸೇರಿಸಿಕೊಳ್ಳಬೇಕು. ಮೂರು ವರ್ಷ ಕೈಕೈ ಹಿಡಿದು ಆಡಿದವರ ಸರಪಳಿ ಹಣಕ್ಕೆ ದೊರೆಯದು.

ಒಂದೇ ಎಚ್ಚರ. ಆಟ ಮುಗಿದಾಗ ಹುಡುಗನ ಕೈಯಲ್ಲಿ ಪದವಿಯಿರಬೇಕು. ತಾಯಿಗೆ ಕೊಟ್ಟ ಆ ಮಾತನ್ನು ಉಳಿಸಿಕೊಂಡ ಕಾಲೇಜಿಗೆ ಅವನ ತಮ್ಮನೂ ತಾನಾಗಿಯೇ ಬರುತ್ತಾನೆ.