ಕಲ್ಯಾಣದ ಮಳೆ ಎಲ್ಲಿ ಸುರಿಯಿತು?

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ. ಡೊಂಬಿವಲಿಯ ನಾವಂತೂ ಮರೆತಿಲ್ಲ.

ಹವಾಮಾನ ಇಲಾಖೆಯ ಆ ವರ್ಷದ ಬೈನರಿ ಕಡತವನ್ನು ಮೊನ್ನೆ ಪೈಥಾನ್‌ನಲ್ಲಿ ತೆರೆದೆ. 2,54,25,900 ಬೈಟು. ದಿನಕ್ಕೆ 135 ರೇಖಾಂಶ, 129 ಅಕ್ಷಾಂಶ, ಸಂಖ್ಯೆಗೆ 4 ಬೈಟು. ಒಳಗೆ ಬರೀ ಅಂಕಿ, ತಲೆಬರಹವಿಲ್ಲ. ಫೋರ್ಟ್ರಾನ್ ಕಾಲದವನು ನಾನು, ರೂಢಿಯಂತೆ 135 ಮೊದಲು, 129 ಆಮೇಲೆ ಎಂದು ಬರೆದೆ. ಪೈಥಾನ್‌ಗೆ ಅದು ತಿರುಗುಮುರುಗು. ಗೊಣಗಲೇ ಇಲ್ಲ ಮಹಾರಾಯ, ಕಲ್ಯಾಣದ ಮಳೆಯನ್ನು ಇನ್ನೆಲ್ಲೋ ಸುರಿಸಿಬಿಟ್ಟಿತು!

ಹಳೇ ನುಡಿ, ಬರಹದ ಪತ್ರ ಫಾಂಟಿಲ್ಲದೆ ತೆರೆದರೆ ಕಸ ಕಾಣುತ್ತದೆ, ತಪ್ಪು ಗೊತ್ತಾಗುತ್ತದೆ. ಇಲ್ಲಿ ತಪ್ಪೂ ಸರಿಯಂತೆಯೇ ಕಾಣುತ್ತದೆ. ಅದಕ್ಕೇ ಹೇಳುವುದು, ಕ್ರಮ, ಅಳತೆ, ಏಕಮಾನಗಳನ್ನು ಕಡತದೊಳಗೇ ಬರೆದಿಡುವ ನೆಟ್‌ಸಿಡಿಎಫ್ ಇಳಿಸಿಕೊಳ್ಳಿ. ಇಲಾಖೆ ಅದನ್ನೂ ಕೊಡುತ್ತದೆ.