ತಾಳವಾಡಿಯ ಮಗುವೂ ಪೋಡಿನ ಮಗುವೂ

ಗುಂಡ್ಲುಪೇಟೆಯ ಸೀಮೆಯ ಭೀಮನಬೀಡಿನಲ್ಲಿ ಕುಳಿತು ಕನ್ನಡನಾಡಿನ ಎಲ್ಲೆ ಯಾವುದೆಂದು ಕೇಳಿದರೆ ಒಂದೇ ಉತ್ತರ ದೊರೆಯಲಾರದು. ಈ ಸೀಮೆಯವರಿಗೆ ತಮಿಳುನಾಡೂ ಕೇರಳವೂ ನೆರೆಮನೆಗಳೇ. ನಕಾಶೆಯು ತೋರಿಸುವ ಗೆರೆ ಒಂದು. ಜನರ ಬಾಯಮಾತು ತೋರಿಸುವ ಗೆರೆ ಮತ್ತೊಂದು.

1956ನೆಯ ಇಸವಿ ನವೆಂಬರ್ 1ರಂದು ಭಾಷಾನುಗುಣವಾಗಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರನ್ನು ಸೇರಿತು. ಚಾಮರಾಜನಗರಕ್ಕೆ ತಗುಲಿಕೊಂಡಿರುವ ತಾಳವಾಡಿಯು ಮಾತ್ರ ಮದರಾಸಿನಲ್ಲಿಯೇ ಉಳಿದು, ಇಂದು ಈರೋಡು ಜಿಲ್ಲೆಯಲ್ಲಿದೆ. ಅಲ್ಲಿಯ ರೈತನು ತನ್ನ ಜಿಲ್ಲೆಯ ಪಟ್ಟಣವನ್ನು ಕಾಣಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರಕ್ಕಾದರೋ ಘಟ್ಟವಿಲ್ಲದ ದಾರಿ! ಕನ್ನಡಿಗರೆಲ್ಲರೂ ತಮ್ಮವರೆಂದು ಎದೆಗವಚಿಕೊಂಡ ರಾಜಕುಮಾರರು 1929ರಲ್ಲಿ ಜನಿಸಿದುದು ಇದೇ ತಾಳವಾಡಿ ಸೀಮೆಯ ಗಾಜನೂರಿನಲ್ಲಿ. ಅವರನ್ನು ಹೊರನಾಡಿಗರೆಂದು ಯಾರಾದರೂ ಅಂದರೆ ನಾವು ನಕ್ಕುಬಿಡುವೆವು. ಆದರೆ ಅದೇ ಗಾಜನೂರಿನ ಇಂದಿನ ಮಗುವು ಯಾವ ನುಡಿಯಲ್ಲಿ ಅಕ್ಷರ ತಿದ್ದುತ್ತಿದೆಯೆಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಅಲ್ಲಿ ಕನ್ನಡ ಶಾಲೆಗಳು ಇಲ್ಲದಿಲ್ಲ. ಆದರೆ 2006ರಲ್ಲಿ ಆದ ಕಾಯಿದೆಯು ಹತ್ತನೆಯ ತರಗತಿಯವರೆಗೆ ತಮಿಳನ್ನು ಹಂತಹಂತವಾಗಿ ಕಡ್ಡಾಯಮಾಡಿತು. ತಾವು ಬಾಳುವ ರಾಜ್ಯದ ಭಾಷೆಯನ್ನು ಕಲಿಯುವುದು ಕೇಡೆಂದು ನಾವು ಹೇಳೆವು. ತಮಿಳು ಬಾಂಧವರನ್ನು ಹಳಿಯುವ ಇಚ್ಛೆಯೂ ನಮಗಿಲ್ಲ. ತಾಯಿಯ ಲಾಲಿಯೂ ಬೈಗುಳವೂ ಯಾವ ನುಡಿಯಲ್ಲಿ ಕಿವಿಗೆ ಬಿದ್ದಿವೆಯೋ ಆ ನುಡಿಯು ಶಾಲೆಯಲ್ಲಿ ಸಲ್ಲದ ನಾಣ್ಯವೆಂದು ಮಗುವಿಗೆ ಒಮ್ಮೆ ತೋರಿತೆಂದರೆ, ಅದು ತನ್ನ ಮನೆಯನ್ನೇ ಕೀಳೆಂದು ಬಗೆಯತೊಡಗುವುದು. ನಮ್ಮ ಅಂಜಿಕೆ ಇದು. ದೀಪಾವಳಿಯ ಬೆನ್ನಿಗೇ ಗುಮಟಾಪುರದಲ್ಲಿ ಗೊರೆಹಬ್ಬ ನಡೆಯುತ್ತದೆ. ಗೆರೆಯ ಎರಡು ಕಡೆಯವರೂ ಒಂದುಗೂಡಿ ಸಗಣಿಯನ್ನೆರಚಿ ಆಡುತ್ತಾರೆ. ಮಾದಪ್ಪನ ಕಂಸಾಳೆಯವರ ಪದಕ್ಕೂ ಗಡಿಯ ಗೊಡವೆಯಿಲ್ಲ. ಆದರೆ ಹಬ್ಬವೊಂದೇ ನುಡಿಯನ್ನು ಕಾಯಲಾರದು. ನುಡಿಗೆ ಹಲಗೆ ಬಳಪಗಳೂ ಬೇಕು, ಮುಂದೆ ಹೊಟ್ಟೆಯ ದಾರಿಯೂ ಬೇಕು.

ಇನ್ನೊಂದು ಮಾತು, ಕೆಲವರಿಗೆ ಕಹಿಯಾದೀತು. ನಮ್ಮ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ ತಮ್ಮದೆಂಬ ನುಡಿಯುಂಟು. ಅದು ಕನ್ನಡಕ್ಕೆ ಹತ್ತಿರದ ನಂಟಿನದು. ಆದರೂ ಅದು ಅವರದು. ಆ ಮಗುವು ನಮ್ಮ ತರಗತಿಗೆ ಬಂದಾಗ ಉಪಾಧ್ಯಾಯರಾದ ನಾವು ಏನು ಮಾಡುತ್ತೇವೆ? “ಅಶುದ್ಧ” ಎಂದು ತಿದ್ದುತ್ತೇವೆ. ಉಳಿದ ಹುಡುಗರು ನಗುತ್ತಾರೆ. ಈ ಲೇಖಕನೂ ಹಾಗೆ ತಿದ್ದಿದವನೇ. ಅಂದು ಕುಳಿತ ಹುಡುಗನು ಆ ವಾರವೆಲ್ಲ ಪ್ರಶ್ನೆಗೆ ಬಾಯ್ದೆರೆಯಲಿಲ್ಲ. ತಾಳವಾಡಿಯ ಮಗುವಿನ ಪರವಾಗಿ ಈರೋಡಿಗೆ ಬಿನ್ನಹ ಬರೆಯುವ ನಮ್ಮ ಕೈಗೆ ಪೋಡಿನ ಮಗುವಿನ ಬಾಯಿ ಮುಚ್ಚಿಸುವ ಅಧಿಕಾರವನ್ನು ಕೊಟ್ಟವರಾರು?

ಬರುವ ಗೊರೆಹಬ್ಬವನ್ನು ನೋಡಹೋಗುವ ಮಹಾಶಯರು ಬರಿಗೈಯಲ್ಲಿ ಹೋಗದೆ ಅಲ್ಲಿಯ ಶಾಲೆಗೆ ನಾಲ್ಕಾರು ಕನ್ನಡ ಪುಸ್ತಕಗಳನ್ನು ಕೊಂಡೊಯ್ಯಲಿ. ಹಿಂದಿರುಗಿ ಬಂದು, ತಮ್ಮ ತರಗತಿಯ ಸೋಲಿಗ ಬಾಲಕನಿಂದ ಅವನ ಅಜ್ಜಿಯ ಒಂದು ಕಥೆಯನ್ನು ಅವನ ನುಡಿಯಲ್ಲಿಯೇ ಹೇಳಿಸಲಿ.