ಏಳಿ ಎನ್ನುವ ಮುನ್ನ ಕೇಳಿ

ಬೆಳಿಗ್ಗೆ ಎಂಟರ ಹೊತ್ತಿಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತುವುದೆಂದರೇನು ಎಂದು ಮುಂಬೈ ಕನ್ನಡಿಗರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ ಒಂದೇ ಮಾತು: ನಾವು ಹತ್ತುವುದಿಲ್ಲ, ಹಿಂದಿದ್ದವರು ನಮ್ಮನ್ನು ಹತ್ತಿಸುತ್ತಾರೆ. ಸೀಟು ಬೇಕಾದವರು ಮೊದಲು ಉಲ್ಟಾ ದಿಕ್ಕಿನ ಗಾಡಿ ಹಿಡಿದು ಕಲ್ಯಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ಕೂತು ವಾಪಸು ಬರುತ್ತಾರೆ. ಎರಡು ವರ್ಷದಿಂದ ನಾನೂ ಹಾಗೇ ಮಾಡುತ್ತಿದ್ದೇನೆ. ನನ್ನ ಸೊಂಟದ ಎಲ್4-ಎಲ್5 ಡಿಸ್ಕ್ ಜಾರಿ, ಎಡಗಾಲಿಗೆ ಹೋಗುವ ನರವನ್ನು ಒತ್ತುತ್ತಿದೆ.

ಒಂದು ದಿನ ಹಾಗೆ ಕೂತಿದ್ದಾಗ ಠಾಣೆಯಲ್ಲಿ ಹಿರಿಯರೊಬ್ಬರು ಹತ್ತಿದರು. ‘ಅರೇ ಭಾಯ್, ಜವಾನ್ ಆದ್ಮಿ ಹೋ, ಉಠೋ’ ಎಂದು ಪಕ್ಕದವರು ಗದರಿದರು. ನನಗೆ 41. ಕೂದಲು ಇನ್ನೂ ಕಪ್ಪು. ಬೆಲ್ಟು ಅಂಗಿಯ ಒಳಗಿತ್ತು. ಹತ್ತು ಜನರೆದುರು ನನ್ನ ಸೊಂಟದ ಕಥೆ ಹೇಳಲು ನಾಚಿಕೆಯಾಗಿ ಎದ್ದು ನಿಂತೆ. ಘಾಟ್ಕೋಪರ್ ದಾಟುವಷ್ಟರಲ್ಲಿ ಪೃಷ್ಠದಿಂದ ಪಾದದವರೆಗೆ ಕರೆಂಟು ಹೊಡೆದಂತಾಯಿತು. ದಾದರ್‌ನಲ್ಲಿ ಇಳಿದವನು ಕಂಬ ಹಿಡಿದು ಕಾಲು ಗಂಟೆ ನಿಂತಿದ್ದೆ. ಆಫೀಸಿಗೆ ಹೋಗಲಾಗಲಿಲ್ಲ.

ಗೆಳೆಯನೊಬ್ಬ ಉಪಾಯ ಹೇಳಿದ: ‘ಬೆಲ್ಟನ್ನು ಅಂಗಿಯ ಮೇಲೆ ಕಟ್ಟು.’ ಕಟ್ಟಿದೆ. ಅಂದಿನಿಂದ ಯಾರೂ ಏಳು ಎನ್ನಲಿಲ್ಲ. ಕೆಲವರು ತಾವೇ ಎದ್ದು ಜಾಗ ಕೊಟ್ಟರು. ತಮಾಷೆಯೆಂದರೆ, ಮೊದಲ ಕೆಲವು ವಾರಗಳ ನಂತರ ಬೆಲ್ಟು ಬಿಡಿ, ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳಿದ್ದರು. ಈಗ ನಾನು ಬೆಲ್ಟು ಕಟ್ಟುವುದು ಬೆನ್ನಿಗಾಗಿ ಅಲ್ಲ, ಎದುರಿನವರ ಕಣ್ಣಿಗಾಗಿ.

ನನ್ನ ತಕರಾರು ಇರುವುದು ಇಲ್ಲೇ. ಈ ನಗರ ಕಂಡ ನೋವಿಗೆ ಕರಗುತ್ತದೆ, ಕಾಣದ ನೋವನ್ನು ಗದರುತ್ತದೆ. ಪ್ಲಾಸ್ಟರ್ ಹಾಕಿದ ಕೈಗೆ, ಊರುಗೋಲಿಗೆ ತಕ್ಷಣ ದಾರಿ ಬಿಡುವ ಜನರೇ ನನ್ನನ್ನು ಎಬ್ಬಿಸಿದವರು. ಅವರು ಕೆಟ್ಟವರಲ್ಲ, ಅವರಿಗೆ ಗೊತ್ತಾಗುವ ದಾರಿ ಇರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಡಿಸ್ಕ್ ಜಾರುವ ಮೊದಲು ನಾನೂ ಹಲವು ‘ಜವಾನ್’ಗಳನ್ನು ಎಬ್ಬಿಸಿದ್ದೇನೆ. ಅವರಲ್ಲಿ ಯಾರ ಅಂಗಿಯೊಳಗೆ ಏನಿತ್ತೋ.

ಕಾನೂನಿನಲ್ಲೂ ನಮ್ಮಂಥವರಿಗೆ ಜಾಗ ಕಡಿಮೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಮೀಸಲಾತಿಯಂಥ ಸವಲತ್ತಿಗೆ ಶೇ 40ರಷ್ಟಾದರೂ ವೈಕಲ್ಯವಿರಬೇಕು. ಒಂದು ವಾರ ನಡೆದಾಡಿ, ಮರುವಾರ ಮಲಗುವ ಡಿಸ್ಕ್ ನೋವು ಈ ಅಳತೆಗೆ ಸಿಗುವುದು ಅಪರೂಪ. ಲೋಕಲ್‌ನ ಮೀಸಲು ಬೋಗಿ ಅಂಗವಿಕಲರಿಗೆ, ಕ್ಯಾನ್ಸರ್ ರೋಗಿಗಳಿಗೆ, ಗರ್ಭಿಣಿಯರಿಗೆ. ಅದರೊಳಗೆ ನಾವು ನುಗ್ಗುವುದು ತಪ್ಪು, ನುಗ್ಗಬಾರದು ಕೂಡ.

ಹಾಗಾದರೆ ನಮಗೆ ಬೇಕಾದದ್ದೇನು? ಇಡೀ ಪ್ರಯಾಣಕ್ಕೆ ಸೀಟೇ? ಅಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಡಿಸ್ಕ್‌ನೊಳಗೇ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿಗಿಂತ ಕೂತಾಗ ಒತ್ತಡ ಹೆಚ್ಚು, ಮುಂದೆ ಬಾಗಿ ಕೂತರೆ ಇನ್ನೂ ಹೆಚ್ಚು ಎಂದು ಅವರು ಕಂಡುಕೊಂಡರು. ಕೂರುವುದಕ್ಕೂ ನಿಲ್ಲುವುದಕ್ಕೂ ಅಷ್ಟೇನೂ ಅಂತರವಿಲ್ಲವೆಂದು ನಂತರದ ಅಳತೆಗಳು ಹೇಳಿದರೂ, ಬಾಗುವುದು ಮತ್ತು ಬಾಗಿ ಭಾರ ಎತ್ತುವುದು ಡಿಸ್ಕ್‌ಗೆ ಹೊರೆ ಎಂಬುದರಲ್ಲಿ ತಕರಾರಿಲ್ಲ. ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ಸೊಂಟ ತೂಗಿಸಿ, ಮೈ ತಿರುಚಿ ಕೂರುವ ‘ಚೌಥಿ ಸೀಟ್’ ನಮ್ಮ ಪಾಲಿಗೆ ಶಿಕ್ಷೆ. ಒಂದು ಕೈ ಮೇಲೆ ಹಿಡಿದು, ಇನ್ನೊಂದರಲ್ಲಿ ಚೀಲ ಅವುಚಿ, ಪ್ರತಿ ಬ್ರೇಕಿಗೂ ಜೋಲಿ ಹೊಡೆಯುವುದೂ ಅಷ್ಟೇ. ನಮಗೆ ಬೇಕಾದದ್ದು ಅರ್ಧ ದಾರಿ ಕೂರುವ, ಅರ್ಧ ದಾರಿ ನಿಲ್ಲುವ ಅವಕಾಶ.

ಅದನ್ನು ಕೇಳಲು ಒಂದು ಗುರುತು ಸಾಕು. ಟೋಕಿಯೊ ಆಡಳಿತ 2012ರಲ್ಲಿ ಕೆಂಪು ಬಣ್ಣದ ‘ಹೆಲ್ಪ್ ಮಾರ್ಕ್’ ತಂದಿತು. ಹೊರಗೆ ಕಾಣದ ಕಾಯಿಲೆಯವರು ಅದನ್ನು ಚೀಲಕ್ಕೆ ತೂಗಿಸಿಕೊಳ್ಳುತ್ತಾರೆ. ಲಂಡನ್ ಸಾರಿಗೆ ಸಂಸ್ಥೆ 2017ರಲ್ಲಿ ‘ದಯವಿಟ್ಟು ನನಗೆ ಸೀಟು ಕೊಡಿ’ ಎಂಬ ನೀಲಿ ಬಿಲ್ಲೆ ಕೊಡತೊಡಗಿತು. ಅದಕ್ಕೆ ವೈದ್ಯರ ಚೀಟಿಯನ್ನೂ ಕೇಳುವುದಿಲ್ಲ.

‘ಮುಂಬೈಯಲ್ಲಿ ಇಂಥದ್ದು ಬಂದರೆ ಮರುದಿನವೇ ಎಲ್ಲರ ಎದೆಯ ಮೇಲೂ ಬಿಲ್ಲೆ’ ಎಂದು ನೀವು ನಗಬಹುದು. ಆದರೆ ಈ ಊರಿನ ಲೋಕಲ್ ನಡೆಯುತ್ತಿರುವುದೇ ನಂಬಿಕೆಯ ಮೇಲೆ. ಗುರುತಿಲ್ಲದವನ ಚೀಲ ಕೈಯಿಂದ ಕೈಗೆ ದಾಟಿ ಕಟ್ಟೆಯ ಮೇಲೆ ಕೂರುತ್ತದೆ. ‘ಎಲ್ಲಿ ಇಳಿಯುತ್ತೀರಿ?’ ಎಂದು ಕೇಳಿದವನಿಗೆ ಆ ಸೀಟು ಬರೆದುಕೊಟ್ಟಂತೆ. ದಿನದ ಗುಂಪುಗಳಲ್ಲಿ ಕೂತವರು ಅರ್ಧ ದಾರಿಗೆ ಎದ್ದು ನಿಂತವರನ್ನು ಕೂರಿಸುತ್ತಾರೆ. ಯಾರೂ ಬರೆಯದ ಈ ಕಾನೂನಿಗೆ ಇನ್ನೊಂದು ಸಾಲು ಸೇರಿಸಿದರೆ ಸಾಕು.

ನಮ್ಮವರಿಗೂ ಎರಡು ಮಾತು. ಮಾಟುಂಗದ ಹೋಟೆಲೊಂದರಲ್ಲಿ ಒರಳು ತಿರುವುತ್ತಾ ಬದುಕು ಕಟ್ಟಿದ ನನ್ನ ಸೋದರಮಾವ ಕೊನೆಯವರೆಗೂ ‘ಸೊಂಟ ಹಿಡಿದಿದೆ’ ಎಂದಷ್ಟೇ ಹೇಳುತ್ತಿದ್ದರು. ರಜೆ ಕೇಳಲಿಲ್ಲ, ಊರಿಗೂ ತಿಳಿಸಲಿಲ್ಲ. ನಾವು ಎಂಆರ್‌ಐ ಮಾಡಿಸಿಕೊಂಡ ತಲೆಮಾರು, ಆದರೂ ‘ಅಮ್ಮನಿಗೆ ಹೇಳಬೇಡ’ ಎನ್ನುವುದನ್ನು ಬಿಟ್ಟಿಲ್ಲ. ಮುಚ್ಚಿಟ್ಟರೆ ಭಯವೇ ಬೆಳೆಯುತ್ತದೆ. ಎಂಆರ್‌ಐ ವರದಿ ಓದಿ ಕಂಗೆಡಬೇಕಿಲ್ಲ: ಬೆನ್ನುನೋವೇ ಇಲ್ಲದ 40ರ ಹರೆಯದವರ ಸ್ಕ್ಯಾನ್‌ಗಳಲ್ಲೂ ಸುಮಾರು ಅರ್ಧದಷ್ಟರಲ್ಲಿ ಡಿಸ್ಕ್ ಉಬ್ಬಿರುತ್ತದೆ ಎಂದು 2015ರ ಅಧ್ಯಯನ ವಿಮರ್ಶೆಯೊಂದು ತೋರಿಸಿದೆ. ಡಿಸ್ಕ್ ಜಾರಿದ ಬಹುತೇಕರು ಶಸ್ತ್ರಚಿಕಿತ್ಸೆ ಇಲ್ಲದೆಯೇ ಕೆಲವು ವಾರ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ವಾರಗಟ್ಟಲೆ ಮಲಗುವುದಕ್ಕಿಂತ ಆದಷ್ಟು ನಡೆದಾಡುವುದು ಮೇಲು. ಆದರೆ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಸ್ಪರ್ಶ ಹೋದರೆ, ಕಾಲಿನ ಬಲ ಕುಂದುತ್ತಿದ್ದರೆ ಎಣ್ಣೆ ಹಚ್ಚುತ್ತಾ ಕೂರಬೇಡಿ; ಅದೇ ದಿನ ಆಸ್ಪತ್ರೆಗೆ ಹೋಗಿ.

ಬಿಲ್ಲೆ ಯಾವಾಗ ಬರುತ್ತದೋ ಗೊತ್ತಿಲ್ಲ. ನಾನಂತೂ ಕಳೆದ ವಾರ ಬೆಲ್ಟನ್ನು ಮನೆಯಲ್ಲೇ ಬಿಟ್ಟು ಹೊರಟೆ. ಠಾಣೆಯಲ್ಲಿ ಮತ್ತೆ ‘ಉಠೋ’ ಎಂಬ ಮಾತು ಬಂತು. ಈ ಸಲ ‘ಕಮರ್ ಮೇ ಡಿಸ್ಕ್ ಕಾ ಪ್ರಾಬ್ಲಮ್ ಹೈ, ಕುರ್ಲಾ ತಕ್ ಬೈಠನೇ ದೋ, ಫಿರ್ ಆಪ್ ಬೈಠೋ’ ಎಂದೆ. ಗದರಿದವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ, ತಮ್ಮ ಹೆಂಡತಿಗೂ ಅದೇ ತೊಂದರೆ, ಯಾವ ವ್ಯಾಯಾಮ ಮಾಡುತ್ತೀರಿ ಎಂದು ಕೇಳಿದರು. ಕುರ್ಲಾದಲ್ಲಿ ಎದ್ದು ಸೀಟು ಬಿಟ್ಟುಕೊಟ್ಟೆ.

ನೋವಿರುವವರು ಬಾಯಿ ಬಿಡಬೇಕು. ಉಳಿದವರು ಏಳಿ ಎನ್ನುವ ಮುನ್ನ ಒಮ್ಮೆ ಕೇಳಬೇಕು.